ಶೀಟ್ ಕಾಪಿ ಮಾಡಿದ ಮೇಲೆ ಲೆಕ್ಕ ತಪ್ಪಿತೇ? ಕಳಚಿದ ಕೊಂಡಿ ಹುಡುಕಿ ಸರಿಪಡಿಸುವ ಬಗೆ

ಎಕ್ಸೆಲ್‌ನಲ್ಲಿ ಮೇ ತಿಂಗಳ ಶೀಟನ್ನು ಕಾಪಿ ಮಾಡಿ ಜೂನ್ ಎಂದು ಹೆಸರಿಟ್ಟದ್ದಾಯಿತು. ಹಳೆಯ ಅಂಕಿ ಅಳಿಸಿ ಹೊಸದನ್ನು ತುಂಬಿದ್ದೂ ಆಯಿತು. ಎಲ್ಲೂ ಎರರ್ ಇಲ್ಲ. ಆದರೂ ಜೂನ್ ಕೊನೆಯ ಬಾಕಿ ಕೈಲೆಕ್ಕಕ್ಕೆ ತಾಳೆಯಾಗುವುದಿಲ್ಲ. ಇನ್ನು ಕೆಲವೊಮ್ಮೆ ಇದಕ್ಕೆ ತದ್ವಿರುದ್ಧ: ಕಾಪಿ ಮಾಡಿದ ಕ್ಷಣವೇ ಅಂಕಣದ ತುಂಬ #ರೆಫ್! ಎಂಬ ಎರರ್ (ಫಾರ್ಮುಲಾ ಕೇಳಿದ ಸೆಲ್ ಸಿಗುತ್ತಿಲ್ಲ ಎಂಬ ಸೂಚನೆ) ಸಾಲುಗಟ್ಟುತ್ತದೆ. ನೋಡಲು ಎರಡನೆಯದು ಭಯಂಕರ, ಆದರೆ ನಷ್ಟ ಮಾಡುವುದು ಮೊದಲನೆಯದು. #ರೆಫ್! ಕಂಡರೆ ಯಾರಾದರೂ ನಿಲ್ಲುತ್ತಾರೆ, ತಪ್ಪು ಅಂಕಿ ಮಾತ್ರ ಸಹಿ ಬಿದ್ದು ಫೈಲಿಗೆ ಸೇರಿಬಿಡುತ್ತದೆ.

ವಿವರಣೆಗೆ ಒಂದೇ ಉದಾಹರಣೆ ಇಟ್ಟುಕೊಳ್ಳೋಣ: ಹಾಲಿನ ಸಂಘದ ತಿಂಗಳ ಲೆಕ್ಕ. ಏಪ್ರಿಲ್‌ನಿಂದ ಮಾರ್ಚ್‌ವರೆಗೆ ತಿಂಗಳಿಗೊಂದು ಶೀಟ್, ಜೊತೆಗೆ 'ದರ' ಮತ್ತು 'ವರ್ಷ' ಎಂಬ ಎರಡು ಶೀಟುಗಳು. ತಿಂಗಳ ಶೀಟಿನಲ್ಲಿ ಎ ಅಂಕಣ ದಿನಾಂಕ, ಬಿ ಲೀಟರ್, ಸಿ ದರ, ಡಿ ಮೊತ್ತ, ಇ ಪಾವತಿ, ಎಫ್ ಬಾಕಿ. 3ನೇ ಸಾಲಿನ ಎಫ್3ರಲ್ಲಿ ಹಿಂದಿನ ತಿಂಗಳ ಬಾಕಿ, 4ರಿಂದ 34ನೇ ಸಾಲಿನವರೆಗೆ 31 ದಿನ, 35ರಲ್ಲಿ ಒಟ್ಟು, ಎಫ್35ರಲ್ಲಿ ತಿಂಗಳ ಕೊನೆಯ ಬಾಕಿ. ಮನೆ ಖರ್ಚಿನ ಲೆಕ್ಕವಾಗಲಿ, ಹಾಜರಿ ಪಟ್ಟಿಯಾಗಲಿ, ಅಪಾರ್ಟ್‌ಮೆಂಟಿನ ಮೇಂಟೆನೆನ್ಸ್ ಆಗಲಿ, ಕಟ್ಟಿದ ರೀತಿ ಹೆಚ್ಚುಕಡಿಮೆ ಇದೇ.

ಇಲ್ಲಿ ಸೆಲ್ ವಿಳಾಸ ಮತ್ತು ಫಂಕ್ಷನ್ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದೆ. ಶೀಟಿನ ಹೆಸರು ಕನ್ನಡದಲ್ಲೇ ಇರಬಹುದು. ಅಂಕಣದ ಅಕ್ಷರ, ಸಮ್ (ಕೂಡುವುದು), ವಿಲುಕಪ್ (ಪಟ್ಟಿಯಲ್ಲಿ ಹುಡುಕಿ ತರುವುದು) ಥರದ ಫಂಕ್ಷನ್ ಹೆಸರು, #ರೆಫ್! ಇವನ್ನು ಮಾತ್ರ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಕೊಡಬೇಕು.

ಕಾಪಿ ಮಾಡಿದಾಗ ವಿಳಾಸಕ್ಕೆ ಏನಾಗುತ್ತದೆ

ಫಾರ್ಮುಲಾದೊಳಗಿನ ವಿಳಾಸಗಳಲ್ಲಿ ಮೂರು ಜಾತಿ.

ಬರೀ ಎಫ್3 ಎಂದಿದ್ದರೆ ಅದು 'ನನ್ನ ಮೇಲಿನ ಸೆಲ್' ಎಂಬ ದಿಕ್ಕಿನ ಲೆಕ್ಕ. ಎಫ್4ರಲ್ಲಿರುವ =ಎಫ್3+ಡಿ4-ಇ4 ಅನ್ನು ಎಫ್5ಕ್ಕೆ ಎಳೆದರೆ =ಎಫ್4+ಡಿ5-ಇ5 ಆಗುತ್ತದೆ. ಶೀಟಿನ ಹೆಸರು ಇಲ್ಲದ ಕಾರಣ ಹೊಸ ಶೀಟಿಗೆ ಹೋದರೆ ಹೊಸ ಶೀಟಿನ ಸೆಲ್‌ಗಳನ್ನೇ ಹಿಡಿಯುತ್ತದೆ. ಇದೇ ನಮಗೆ ಬೇಕಾದದ್ದು.

$ಬಿ$2 ಎಂದು ಡಾಲರ್ ಹಾಕಿದ್ದರೆ ಎಲ್ಲಿಗೆ ಒಯ್ದರೂ ಅದು ಬಿ2. ಡಾಲರ್ ಅಕ್ಷರದ ಹಿಂದಿದ್ದರೆ ಅಂಕಣಕ್ಕೆ ಬೀಗ, ಅಂಕಿಯ ಹಿಂದಿದ್ದರೆ ಸಾಲಿಗೆ ಬೀಗ. ಫಾರ್ಮುಲಾದಲ್ಲಿ ವಿಳಾಸದ ಮೇಲೆ ಕರ್ಸರ್ ಇಟ್ಟು ಎಫ್4 ಕೀ ಒತ್ತುತ್ತಾ ಹೋದರೆ ನಾಲ್ಕೂ ರೂಪ ಸರದಿಯಲ್ಲಿ ಬರುತ್ತವೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್‌ಎನ್ ಕೀ ಜೊತೆಗೆ ಒತ್ತಬೇಕು.

ಮೂರನೆಯದು ಶೀಟಿನ ಹೆಸರು ಹೊತ್ತದ್ದು: =ಏಪ್ರಿಲ್!ಎಫ್35. ಡಾಲರ್ ಬೀಗ ಸಾಲು ಮತ್ತು ಅಂಕಣಕ್ಕೆ ಮಾತ್ರ. ಎಕ್ಸೆಲ್‌ನಲ್ಲಿ ಬೇರೆ ಶೀಟಿನ ಹೆಸರು ಯಾವಾಗಲೂ ಬೀಗ ಹಾಕಿದಂತೆಯೇ. ಶೀಟನ್ನು ಹತ್ತು ಸಲ ಕಾಪಿ ಮಾಡಿದರೂ ಏಪ್ರಿಲ್ ಅನ್ನುವುದು ಏಪ್ರಿಲ್ ಆಗಿಯೇ ಉಳಿಯುತ್ತದೆ, ತಾನಾಗಿ ಮೇ ಆಗುವುದಿಲ್ಲ.

ಕಟ್ ಮಾಡುವುದು ಬೇರೆಯೇ ಕಥೆ. ಕಾಪಿ ಮಾಡಿದರೆ ಹಳೆಯ ಸೆಲ್ ಅಲ್ಲೇ ಇರುತ್ತದೆ. ಕಟ್ ಮಾಡಿದರೆ ಆ ಸೆಲ್ಲೇ ಮನೆ ಬದಲಿಸಿತು ಎಂದು ಎಕ್ಸೆಲ್ ತಿಳಿಯುತ್ತದೆ, ಅದನ್ನು ನಂಬಿದ್ದ ಫಾರ್ಮುಲಾಗಳೆಲ್ಲ ಅದರ ಹಿಂದೆಯೇ ಹೋಗುತ್ತವೆ. ಮೇ ಶೀಟಿನ ಡಿ4ರಿಂದ ಡಿ34ರವರೆಗೆ ಕಟ್ ಮಾಡಿ ಜೂನ್ ಶೀಟಿನಲ್ಲಿ ಅಂಟಿಸಿದರೆ, ಮೇ ಶೀಟಿನ ಒಟ್ಟು =ಸಮ್(ಜೂನ್!ಡಿ4:ಡಿ34) ಎಂದು ಬದಲಾಗಿರುತ್ತದೆ. ಫಾರ್ಮುಲಾ ನಂಬಿಕೊಂಡಿರುವ ಸೆಲ್ಲಿನ ಮೇಲೆಯೇ ಬೇರೆ ಸೆಲ್ಲನ್ನು ಕಟ್ ಮಾಡಿ ತಂದು ಅಂಟಿಸಿದರೆ ನೇರ #ರೆಫ್! ಬರುತ್ತದೆ. ಲೆಕ್ಕದ ಶೀಟುಗಳಲ್ಲಿ ಕಂಟ್ರೋಲ್ ಎಕ್ಸ್ ಮುಟ್ಟದಿರುವುದೇ ಒಳ್ಳೆಯದು. ಕಾಪಿ ಮಾಡಿ, ಅಂಟಿಸಿ, ಆಮೇಲೆ ಹಳೆಯದನ್ನು ಡಿಲೀಟ್ ಕೀಯಿಂದ ಖಾಲಿ ಮಾಡಿ.

ಒಂದೇ ಫೈಲಿನೊಳಗೆ ಕಾಪಿ: ಸದ್ದಿಲ್ಲದ ತಪ್ಪು

ಮೇ ಶೀಟಿನ ಎಫ್3ರಲ್ಲಿ =ಏಪ್ರಿಲ್!ಎಫ್35 ಇದೆ. ಟ್ಯಾಬ್ ಮೇಲೆ ರೈಟ್ ಕ್ಲಿಕ್ ಮಾಡಿ, ಮೂವ್ ಆರ್ ಕಾಪಿ ಆರಿಸಿ, ಕ್ರಿಯೇಟ್ ಎ ಕಾಪಿಗೆ ಟಿಕ್ ಹಾಕಿದರೆ 'ಮೇ (2)' ಹುಟ್ಟುತ್ತದೆ. ಕಂಟ್ರೋಲ್ ಹಿಡಿದು ಟ್ಯಾಬನ್ನು ಎಳೆದರೂ ಅದೇ ಫಲ. ಅದಕ್ಕೆ ಜೂನ್ ಎಂದು ಹೆಸರಿಟ್ಟಿರಿ. ಎಫ್3 ಈಗಲೂ ಏಪ್ರಿಲ್‌ನ ಬಾಕಿಯನ್ನೇ ತೋರಿಸುತ್ತಿದೆ, ಮೇ ತಿಂಗಳ ವ್ಯವಹಾರ ಪೂರ್ತಿ ಹಾರಿಹೋಗಿದೆ. ಏಪ್ರಿಲ್, ಮೇ ಬಾಕಿಗಳು ಹತ್ತಿರ ಹತ್ತಿರ ಇದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಸರಿಪಡಿಸುವುದು:

1. ಹೊಸ ಶೀಟಿನಲ್ಲಿ ಎಫ್3ರ ಮೇಲೆ ನಿಂತು, ಫಾರ್ಮುಲಾ ಪಟ್ಟಿಯಲ್ಲಿ ಶೀಟಿನ ಹೆಸರಿನಿಂದ ಆಶ್ಚರ್ಯಸೂಚಕ ಚಿಹ್ನೆಯವರೆಗೆ ಆಯ್ದು ಕಾಪಿ ಮಾಡಿ. ಹೆಸರಿಗೆ ಒಂಟಿ ಉದ್ಧರಣ ಚಿಹ್ನೆ ಇದ್ದರೆ ಅದೂ ಸೇರಲಿ. ಎಸ್ಕೇಪ್ ಒತ್ತಿ ಹೊರಬನ್ನಿ.
2. ಕಂಟ್ರೋಲ್ ಎಚ್ ಒತ್ತಿ. ಫೈಂಡ್ ವಾಟ್ ಜಾಗದಲ್ಲಿ ಕಾಪಿ ಮಾಡಿದ್ದನ್ನು ಅಂಟಿಸಿ, ರಿಪ್ಲೇಸ್ ವಿತ್ ಜಾಗದಲ್ಲಿ ಅದೇ ಅಚ್ಚಿನಲ್ಲಿ ಮೇ! ಎಂದು ಕೊಡಿ.
3. ಆಪ್ಷನ್ಸ್ ತೆರೆದು ವಿತಿನ್ ಎಂಬಲ್ಲಿ ಶೀಟ್ ಇದೆಯೇ ನೋಡಿ. ವರ್ಕ್‌ಬುಕ್ ಎಂದಿದ್ದರೆ ಉಳಿದ ಶೀಟುಗಳಲ್ಲಿರುವ ಅದೇ ಕೊಂಡಿಗಳೂ ಬದಲಾಗಿ ಕೆಡುತ್ತವೆ. ಮ್ಯಾಚ್ ಎಂಟೈರ್ ಸೆಲ್ ಕಂಟೆಂಟ್ಸ್‌ಗೆ ಟಿಕ್ ಇರಬಾರದು.
4. ರಿಪ್ಲೇಸ್ ಆಲ್. ಎಷ್ಟು ಕಡೆ ಬದಲಾಯಿತು ಎಂಬ ಲೆಕ್ಕ ಓದಿ. ಒಂದೇ ಸೆಲ್ ಇರಬೇಕಾದಲ್ಲಿ ಏಳು ಬದಲಾಗಿದ್ದರೆ ಕಂಟ್ರೋಲ್ ಝೆಡ್ ಒತ್ತಿ, ಆ ಏಳು ಯಾವುವು ಎಂದು ಮೊದಲು ಹುಡುಕಿ.

ಆಶ್ಚರ್ಯಸೂಚಕ ಚಿಹ್ನೆ ಬಿಡದಿರಿ ಎಂದದ್ದಕ್ಕೆ ಕಾರಣವಿದೆ. ಬರೀ 'ಏಪ್ರಿಲ್' ಹುಡುಕಿ ಬದಲಿಸಿದರೆ ತಲೆಬರಹ, ಷರಾ, ಎಲ್ಲೆಲ್ಲಿ ಆ ಪದ ಬಂದಿದೆಯೋ ಅಲ್ಲೆಲ್ಲ ಬದಲಾಗುತ್ತದೆ.

ಪ್ರತಿ ತಿಂಗಳೂ ಇದೇ ಕೆಲಸ ಯಾಕೆ ಎಂದು ಇನ್‌ಡೈರೆಕ್ಟ್ ಎಂಬ ಫಂಕ್ಷನ್ (ಬರಹವಾಗಿ ಕೊಟ್ಟ ವಿಳಾಸವನ್ನು ಓದಿ ಆ ಸೆಲ್ಲಿನ ಅಂಕಿ ತರುವಂಥದ್ದು) ಬಳಸುವವರಿದ್ದಾರೆ. ಬಿ1ರಲ್ಲಿ ಹಿಂದಿನ ತಿಂಗಳ ಶೀಟಿನ ಹೆಸರು ಬರೆದು, ಎಫ್3ರಲ್ಲಿ =ಇನ್‌ಡೈರೆಕ್ಟ್("'"&$ಬಿ$1&"'!ಎಫ್35") ಕೊಟ್ಟರೆ ಬಿ1 ಬದಲಿಸಿದಂತೆ ಕೊಂಡಿಯೂ ಬದಲಾಗುತ್ತದೆ. ಜಾಣ ಉಪಾಯವೇ. ಆದರೆ ಉದ್ಧರಣದೊಳಗಿನ ಎಫ್35 ಬರೀ ಅಕ್ಷರ, ಮೇಲೆ ಒಂದು ಸಾಲು ಸೇರಿಸಿದರೂ ಅದು ಎಫ್35 ಎಂದೇ ಹಟ ಹಿಡಿದು ಕೂರುತ್ತದೆ. ಶೀಟಿನ ಹೆಸರು ಬದಲಿಸಿದರೆ ಹಿಂಬಾಲಿಸುವುದಿಲ್ಲ. ಹಾಳೆಯಲ್ಲಿ ಎಲ್ಲೇ ಏನೇ ಬದಲಾದರೂ ಮತ್ತೆ ಲೆಕ್ಕ ಹಾಕುತ್ತದೆ, ಸಾವಿರಾರು ಇದ್ದರೆ ಫೈಲು ತೆವಳುತ್ತದೆ. ಬೇರೆ ಫೈಲಿನ ಸೆಲ್ಲನ್ನು ಕೇಳಿದರೆ ಆ ಫೈಲು ತೆರೆದಿರುವಾಗ ಮಾತ್ರ ಉತ್ತರ, ಮುಚ್ಚಿದ್ದರೆ #ರೆಫ್!. ತಿಂಗಳಿಗೆ ಒಂದೇ ಸೆಲ್ ಬದಲಿಸುವ ಕೆಲಸಕ್ಕೆ ಕೈಯಿಂದ ತಿದ್ದುವುದೇ ವಾಸಿ. ನಲವತ್ತು ಸೆಲ್ ಇದ್ದರೆ ಇನ್‌ಡೈರೆಕ್ಟ್ ಯೋಚಿಸಬಹುದು.

ವರ್ಷದ ಶೀಟಿನಲ್ಲಿ =ಸಮ್(ಏಪ್ರಿಲ್:ಮಾರ್ಚ್!ಡಿ35) ಎಂದು ಶೀಟುಗಳನ್ನೇ ಸಾಲಾಗಿ ಕೂಡಿದ್ದರೆ ಇನ್ನೊಂದು ಎಚ್ಚರ. ಇಲ್ಲಿ ಮುಖ್ಯವಾಗುವುದು ಟ್ಯಾಬ್ ಎಲ್ಲಿ ಕೂತಿದೆ ಎಂಬುದು, ಹೆಸರಲ್ಲ. ಮೂವ್ ಆರ್ ಕಾಪಿ ಪೆಟ್ಟಿಗೆಯಲ್ಲಿ ಬಿಫೋರ್ ಶೀಟ್ ಪಟ್ಟಿಯನ್ನು ಮುಟ್ಟದೆ ಓಕೆ ಒತ್ತಿದರೆ ಕಾಪಿ ಎಲ್ಲಕ್ಕಿಂತ ಮುಂದೆ, ಅಂದರೆ ಏಪ್ರಿಲ್‌ಗೂ ಆಚೆ ಹೋಗಿ ಕೂರುತ್ತದೆ, ವರ್ಷದ ಮೊತ್ತಕ್ಕೆ ಸೇರುವುದೇ ಇಲ್ಲ. ಪ್ರಯೋಗಕ್ಕೆಂದು ಮಾಡಿದ 'ಮೇ (2)' ನಡುವೆ ಉಳಿದಿದ್ದರೆ ಮೇ ಎರಡು ಸಲ ಕೂಡುತ್ತದೆ. 'ಆರಂಭ', 'ಕೊನೆ' ಎಂದು ಎರಡು ಖಾಲಿ ಶೀಟು ಇಟ್ಟು =ಸಮ್(ಆರಂಭ:ಕೊನೆ!ಡಿ35) ಎಂದು ಕೊಟ್ಟು, ತಿಂಗಳುಗಳನ್ನು ಅವುಗಳ ನಡುವೆ ಇಡುವುದು ಸುಲಭದ ದಾರಿ.

#ರೆಫ್! ಎಲ್ಲಿ ಕೂತಿದೆ ಎಂದು ಓದಿ

ಸೆಲ್ಲಿನಲ್ಲಿ ಕಾಣುವ #ರೆಫ್! ನೋಡಿ ಏನೂ ತಿಳಿಯದು. ಫಾರ್ಮುಲಾ ಪಟ್ಟಿಯಲ್ಲಿ ಅದು ಯಾವ ಜಾಗದಲ್ಲಿದೆ ಎಂಬುದರಲ್ಲಿ ರೋಗದ ಹೆಸರಿದೆ.

=#ರೆಫ್!ಎಫ್35 ಎಂದಿದ್ದರೆ ಶೀಟೇ ಅಳಿಸಿಹೋಗಿದೆ, ಆದರೆ ಸೆಲ್ ವಿಳಾಸ ಉಳಿದಿದೆ. ಬಹುಮಂದಿ ಗಮನಿಸದ ಅದೃಷ್ಟ ಇದು. ಹಳೆಯ ಪ್ರತಿಯಿಂದ ಏಪ್ರಿಲ್ ಶೀಟನ್ನು ಮೊದಲು ಈ ಫೈಲಿಗೆ ತನ್ನಿ, ಹೆಸರು ಸರಿಯಾಗಿ ಇಡಿ, ಆಮೇಲೆ ಕಂಟ್ರೋಲ್ ಎಚ್‌ನಿಂದ #ರೆಫ್! ಅನ್ನು ಏಪ್ರಿಲ್! ಎಂದು ಬದಲಿಸಿ. ನೂರು ಫಾರ್ಮುಲಾ ಒಂದೇ ಏಟಿಗೆ ಜೀವ ಪಡೆಯುತ್ತವೆ. ಶೀಟು ತರುವ ಮೊದಲೇ ಬದಲಿಸಲು ಹೋದರೆ ಎಕ್ಸೆಲ್ 'ಆ ಹೆಸರಿನದು ಎಲ್ಲಿದೆ' ಎಂದು ಫೈಲ್ ಹುಡುಕುವ ಪೆಟ್ಟಿಗೆ ತೆರೆಯುತ್ತದೆ, ಎಸ್ಕೇಪ್ ಒತ್ತಿ ಹೊರಬನ್ನಿ. ಎರಡು ಶೀಟು ಅಳಿಸಿದ್ದರೆ ಯಾವ #ರೆಫ್! ಯಾವುದಕ್ಕೆ ಸೇರಿದ್ದು ಎಂದು ಫಾರ್ಮುಲಾ ಹೇಳುವುದಿಲ್ಲ, ಅಂಕಣ ಅಂಕಣವಾಗಿ ಆಯ್ದುಕೊಂಡು ಬದಲಿಸಬೇಕು.

=ಏಪ್ರಿಲ್!#ರೆಫ್! ಎಂದಿದ್ದರೆ ಶೀಟು ಇದೆ, ಅದರೊಳಗಿನ ಸಾಲು ಅಥವಾ ಅಂಕಣ ಅಳಿಸಿದೆ. ಇಲ್ಲಿ ವಿಳಾಸ ಹೋಯಿತೆಂದರೆ ಹೋಯಿತು. ಆಗ ತಾನೇ ಮಾಡಿದ ತಪ್ಪಾದರೆ ಕಂಟ್ರೋಲ್ ಝೆಡ್, ಇಲ್ಲದಿದ್ದರೆ ಸೆಲ್ಲನ್ನು ಮತ್ತೆ ತೋರಿಸಿ ಹೊಸದಾಗಿ ಬರೆಯುವುದೇ ದಾರಿ.

=#ರೆಫ್!+ಡಿ5-ಇ5 ಎಂದಿದ್ದರೆ ಅದೇ ಶೀಟಿನ ಸೆಲ್ ಅಳಿಸಿದೆ, ಇಲ್ಲವೇ ಅಂಟಿಸುವಾಗ ವಿಳಾಸ ಹಾಳೆಯ ಅಂಚಿನಾಚೆ ಬಿದ್ದಿದೆ. ಎಫ್4ರ ಫಾರ್ಮುಲಾಗೆ ಒಂದು ಸಾಲು ಮೇಲೆ ನೋಡುವ ಅಭ್ಯಾಸ. ಅದನ್ನು ಹೊಸ ಶೀಟಿನ ಎಫ್1ರಲ್ಲಿ ಅಂಟಿಸಿದರೆ ಮೇಲೆ ನೋಡಲು ಸಾಲೇ ಇಲ್ಲ. ಎ4ರಿಂದ ಕಾಪಿ ಮಾಡಿದ್ದನ್ನು ಹೊಸ ಶೀಟಿನಲ್ಲೂ ಎ4ರಲ್ಲೇ ಅಂಟಿಸಿ. ಎ1ರಲ್ಲಿ ಅಂಟಿಸಬೇಕಾದರೆ ಎ1ರಿಂದಲೇ ಕಾಪಿ ಮಾಡಿ.

ಫಾರ್ಮುಲಾದಲ್ಲಿ #ರೆಫ್! ಇಲ್ಲ, ಉತ್ತರದಲ್ಲಿ ಮಾತ್ರ ಇದೆ ಎಂದರೆ ತಪ್ಪು ಇಲ್ಲಿಲ್ಲ. ಇದು ಕೂಡುತ್ತಿರುವ ಯಾವುದೋ ಸೆಲ್ ಮೊದಲೇ ಕೆಟ್ಟಿದೆ, ಅಥವಾ ಇನ್‌ಡೈರೆಕ್ಟ್ ಕೇಳಿದ ಶೀಟು ಇಲ್ಲ, ಅಥವಾ ವಿಲುಕಪ್‌ಗೆ 2 ಅಂಕಣದ ಪಟ್ಟಿ ಕೊಟ್ಟು 3ನೇ ಅಂಕಣ ಕೇಳಿದ್ದೀರಿ.

ಕೆಟ್ಟ ಸೆಲ್ಲುಗಳ ಪೂರ್ತಿ ಪಟ್ಟಿ ಬೇಕಿದ್ದರೆ ಕಂಟ್ರೋಲ್ ಎಫ್, ಹುಡುಕುವ ಪದ #ರೆಫ್!, ವಿತಿನ್ ವರ್ಕ್‌ಬುಕ್, ಲುಕ್ ಇನ್ ಫಾರ್ಮುಲಾಸ್, ಫೈಂಡ್ ಆಲ್. ಇಲ್ಲಿ ಸಿಗುವುದು ಮೂಲದ ಸೆಲ್ಲುಗಳು ಮಾತ್ರ, ಅವುಗಳ ನೆರಳು ಬಿದ್ದ ಸೆಲ್ಲುಗಳು ಬರುವುದಿಲ್ಲ. ಅದೇ ಅನುಕೂಲ: ಮೂಲ ತಿದ್ದಿದರೆ ಉಳಿದವು ತಾವೇ ಸರಿಯಾಗುತ್ತವೆ.

ಇಫ್‌ಎರರ್ ಹಾಕಿ #ರೆಫ್! ಜಾಗದಲ್ಲಿ ಸೊನ್ನೆ ತೋರಿಸುವ 'ಪರಿಹಾರ'ವನ್ನು ಮಾತ್ರ ಮಾಡಬೇಡಿ. ಕೂಗುವ ತಪ್ಪನ್ನು ಬಾಯಿ ಕಟ್ಟಿ ಒಳಗೆ ಕೂರಿಸಿದಂತೆ.

31ನೇ ತಾರೀಖಿನ ಸಾಲು

ಜೂನ್‌ಗೆ 30 ದಿನ. 34ನೇ ಸಾಲು ಬೇಡವೆಂದು ಪೂರ್ತಿ ಸಾಲನ್ನೇ ಡಿಲೀಟ್ ಮಾಡುವುದು ಎಲ್ಲರ ಮೊದಲ ಯೋಚನೆ. ಆಗ ಒಟ್ಟಿನ ಸಾಲು 35ರಿಂದ 34ಕ್ಕೆ ಏರುತ್ತದೆ. ಈಗಾಗಲೇ ಜೂನ್!ಎಫ್35 ಅನ್ನು ನಂಬಿದ್ದ ಫಾರ್ಮುಲಾಗಳು ತಾವಾಗಿ ಜೂನ್!ಎಫ್34 ಆಗುತ್ತವೆ, ಅಲ್ಲಿಗೆ ತೊಂದರೆ ಇಲ್ಲ. ತೊಂದರೆ ಬರುವುದು ಜುಲೈಗೆ. ಮೇಲಿನ ಕ್ರಮದಲ್ಲಿ ಮೇ! ಅನ್ನು ಜೂನ್! ಎಂದು ಬದಲಿಸಿದಾಗ ಸಿಗುವುದು =ಜೂನ್!ಎಫ್35, ಅದು ಈಗ ಖಾಲಿ ಸೆಲ್. ಖಾಲಿ ಸೆಲ್ಲನ್ನು ಕೇಳಿದರೆ ಎಕ್ಸೆಲ್ ಸೊನ್ನೆ ಕೊಡುತ್ತದೆ, ಎರರ್ ಅಲ್ಲ. ಹಿಂದಿನ ಬಾಕಿ ಸೊನ್ನೆ ಎಂದು ಜುಲೈ ಲೆಕ್ಕ ಶುರುವಾಗುತ್ತದೆ.

ನಡುವಿನ ಸಾಲು ಅಳಿಸಿದರೆ ಬೇರೆ ಬಗೆ. ಬಾಕಿಯ ಅಂಕಣದಲ್ಲಿ ಪ್ರತಿ ಸೆಲ್ಲೂ ತನ್ನ ಮೇಲಿನದನ್ನು ಹಿಡಿದುಕೊಂಡಿದೆ. ಒಂದು ಸಾಲು ತೆಗೆದರೆ ಅದರ ಕೆಳಗಿನದಕ್ಕೆ #ರೆಫ್!, ಅಲ್ಲಿಂದ ತಳದವರೆಗೆ ಎಲ್ಲಕ್ಕೂ ಅದೇ. ಆದರೆ =ಸಮ್(ಡಿ4:ಡಿ34) ಥರದ ವ್ಯಾಪ್ತಿಯೊಳಗಿಂದ ಸಾಲು ತೆಗೆದರೆ ವ್ಯಾಪ್ತಿ ಒಂದು ಸಾಲು ಕುಗ್ಗುತ್ತದೆ ಅಷ್ಟೆ, ಎರರ್ ಬರುವುದಿಲ್ಲ. ಈ ಗುಣವನ್ನೇ ಬಳಸಿಕೊಂಡು ಎಫ್4ರಲ್ಲಿ ಹೀಗೆ ಬರೆದು ಕೆಳಗೆ ಎಳೆಯಿರಿ:

=ಎಫ್$3+ಸಮ್(ಡಿ$4:ಡಿ4)-ಸಮ್(ಇ$4:ಇ4)

ಈಗ ಯಾವ ದಿನದ ಸಾಲು ತೆಗೆದರೂ ಕೆಳಗಿನವು ಕೆಡುವುದಿಲ್ಲ. ಜೊತೆಗೆ ಇನ್ನೆರಡು ಕೆಲಸ ಮಾಡಿ. ಬೇಡದ 31ನೇ ಸಾಲನ್ನು ಡಿಲೀಟ್ ಮಾಡದೆ ಹೈಡ್ ಮಾಡಿ. ತಿಂಗಳ ಅಂತಿಮ ಬಾಕಿಯನ್ನು ತಳದಿಂದ ತೆಗೆದು ಮೇಲೆ, ಎಫ್1ರಲ್ಲಿ ಇಡಿ: =ಎಫ್3+ಸಮ್(ಡಿ4:ಡಿ34)-ಸಮ್(ಇ4:ಇ34). ಕೆಳಗೆ ಎಷ್ಟು ಸಾಲು ಸೇರಲಿ, ಬಿಡಲಿ, ಎಫ್1 ಅಲುಗುವುದಿಲ್ಲ. ಎಲ್ಲ ತಿಂಗಳಲ್ಲೂ ಒಂದೇ ವಿಳಾಸ. ಶೀಟು ಕಾಪಿಯ ಅರ್ಧ ತಲೆನೋವು ಇಷ್ಟಕ್ಕೇ ಹೋಗುತ್ತದೆ.

ದರದ ಅಂಕಣವನ್ನೂ ಒಮ್ಮೆ ನೋಡಿ. ಸಿ4ರಲ್ಲಿ =ದರ!ಬಿ2 ಎಂದು ಡಾಲರ್ ಇಲ್ಲದೆ ಬರೆದು ಎಳೆದಿದ್ದರೆ ಸಿ5 ಕೇಳುವುದು ಬಿ3 ಅನ್ನು, ಅದು ಖಾಲಿ, ದರ ಸೊನ್ನೆ. =ದರ!$ಬಿ$2 ಇರಬೇಕು. ವಿಲುಕಪ್‌ಗೆ ಕೊಡುವ ಪಟ್ಟಿಗೂ ಡಾಲರ್ ಬೇಕು, ಇಲ್ಲವಾದರೆ ಎಳೆದಂತೆಲ್ಲ ಪಟ್ಟಿ ಕೆಳಗೆ ಜಾರಿ ಮೊದಲ ಹೆಸರುಗಳು ಸಿಗದೆ #ಎನ್/ಎ ಬರುತ್ತದೆ.

ಬೇರೆ ಫೈಲಿಗೆ ಕಾಪಿ: ಹಳೆಯ ಫೈಲಿನ ಬಾಲ

ಹೊಸ ಆರ್ಥಿಕ ವರ್ಷಕ್ಕೆ 'ಹಾಲು-2025' ಎಂಬ ಹೊಸ ಫೈಲು. ಹಳೆಯ 'ಹಾಲು-2024'ರಿಂದ ಏಪ್ರಿಲ್ ಶೀಟನ್ನು ಮೂವ್ ಆರ್ ಕಾಪಿ ಮೂಲಕ, ಟು ಬುಕ್ ಪಟ್ಟಿಯಲ್ಲಿ ಹೊಸ ಫೈಲು ಆರಿಸಿ ತಂದಿರಿ. ದರದ ಸೆಲ್ಲಿನಲ್ಲಿ ಈಗ ಇರುವುದು:

='[ಹಾಲು-2024.ಎಕ್ಸ್‌ಎಲ್‌ಎಸ್‌ಎಕ್ಸ್]ದರ'!$ಬಿ$2

ಹಳೆಯ ಫೈಲು ಮುಚ್ಚಿದರೆ ಆವರಣದ ಹಿಂದೆ ಡ್ರೈವ್, ಫೋಲ್ಡರ್ ಎಲ್ಲ ಸೇರಿ ಉದ್ದನೆಯ ದಾರಿ ಕಾಣಿಸುತ್ತದೆ. ಅಂದರೆ ಹೊಸ ವರ್ಷದ ಹಾಲಿಗೆ ಹಳೆಯ ವರ್ಷದ ದರ. ಫೈಲನ್ನು ಬೇರೆ ಕಂಪ್ಯೂಟರಿಗೆ ಕಳಿಸಿದರೆ ತೆರೆಯುವಾಗ 'ಹೊರಗಿನ ಕೊಂಡಿಗಳಿವೆ, ಅಪ್‌ಡೇಟ್ ಮಾಡಲೇ' ಎಂಬ ಎಚ್ಚರಿಕೆ. ಅದಕ್ಕೆ ಡೋಂಟ್ ಅಪ್‌ಡೇಟ್ ಕೊಡಿ, ಕೊನೆಯದಾಗಿ ಉಳಿಸಿದ್ದ ಅಂಕಿಗಳು ಹಾಗೇ ಇರುತ್ತವೆ, ನೆಮ್ಮದಿಯಾಗಿ ತಿದ್ದಬಹುದು.

ಬಾಲ ಅಂಟದಂತೆ ತರುವುದೇ ಮೇಲು. ಒಂದಕ್ಕೊಂದು ಮಾತಾಡುವ ಶೀಟುಗಳನ್ನೆಲ್ಲ ಒಟ್ಟಿಗೆ ಆರಿಸಿ: ಏಪ್ರಿಲ್ ಟ್ಯಾಬ್ ಒತ್ತಿ, ಕಂಟ್ರೋಲ್ ಹಿಡಿದು ದರ ಟ್ಯಾಬ್ ಒತ್ತಿ, ಆಮೇಲೆ ಮೂವ್ ಆರ್ ಕಾಪಿ. ಹೀಗೆ ಜೊತೆಯಾಗಿ ಹೋದವುಗಳ ನಡುವಿನ ಕೊಂಡಿ ಹೊಸ ಫೈಲಿನೊಳಗೇ ಉಳಿಯುತ್ತದೆ. ಮುಗಿದ ಮೇಲೆ ರೈಟ್ ಕ್ಲಿಕ್ ಮಾಡಿ ಅನ್‌ಗ್ರೂಪ್ ಶೀಟ್ಸ್ ಕೊಡಲು ಮರೆಯಬೇಡಿ. ಗುಂಪಿನಲ್ಲಿದ್ದಾಗ ಒಂದರಲ್ಲಿ ಟೈಪ್ ಮಾಡಿದ್ದು ಎಲ್ಲದರಲ್ಲೂ ಬೀಳುತ್ತದೆ. ಈ ದಾರಿಗೆ ಒಂದು ಅಡ್ಡಿ: ಗುಂಪಿನ ಯಾವುದಾದರೂ ಶೀಟಿನಲ್ಲಿ ಇನ್ಸರ್ಟ್ ಟೇಬಲ್‌ನಿಂದ ಮಾಡಿದ ಟೇಬಲ್ ಇದ್ದರೆ ಎಕ್ಸೆಲ್ ಒಪ್ಪುವುದಿಲ್ಲ.

ಮೂರಕ್ಕಿಂತ ಹೆಚ್ಚು ಶೀಟುಗಳು ಹೆಣೆದುಕೊಂಡಿದ್ದರೆ, ಟೇಬಲ್‌ಗಳಿದ್ದರೆ, ಶೀಟು ಕಾಪಿಯ ಗೊಡವೆಯೇ ಬೇಡ. ಹಳೆಯ ಫೈಲನ್ನು ಸೇವ್ ಆ್ಯಸ್ ಮಾಡಿ ಹೊಸ ಹೆಸರು ಕೊಟ್ಟು, ಬೇಡದ ಅಂಕಿ ಅಳಿಸಿ. ಬೇಡದ ಶೀಟು ತೆಗೆಯುವ ಮೊದಲು ಅದನ್ನು ನಂಬಿರುವ ಸೆಲ್ಲುಗಳನ್ನು ಕಾಪಿ ಮಾಡಿ ಪೇಸ್ಟ್ ಸ್ಪೆಷಲ್, ವ್ಯಾಲ್ಯೂಸ್ ಮೂಲಕ ಬರೀ ಅಂಕಿಯಾಗಿಸಿ. ಶೀಟು ಅಳಿಸಿದ್ದನ್ನು ಕಂಟ್ರೋಲ್ ಝೆಡ್ ಮರಳಿ ತರುತ್ತದೆಂದು ನಂಬಬೇಡಿ, ಸೇವ್ ಮಾಡದೆ ಫೈಲು ಮುಚ್ಚುವುದೇ ಖಾತರಿಯ ದಾರಿ.

ಬಾಲ ಈಗಾಗಲೇ ಅಂಟಿದ್ದರೆ:

1. ಹೊಸ ಫೈಲಿನಲ್ಲಿ ಅದೇ ಹೆಸರಿನ ಶೀಟು (ಇಲ್ಲಿ 'ದರ') ಇರುವಂತೆ ನೋಡಿಕೊಂಡು, ಫೈಲನ್ನು ಸೇವ್ ಮಾಡಿ.
2. ಡೇಟಾ ಟ್ಯಾಬ್‌ನಲ್ಲಿ ಎಡಿಟ್ ಲಿಂಕ್ಸ್ ತೆರೆಯಿರಿ. ಹೊಸ ಆವೃತ್ತಿಗಳಲ್ಲಿ ಅದರ ಹೆಸರು ವರ್ಕ್‌ಬುಕ್ ಲಿಂಕ್ಸ್.
3. ಹಳೆಯ ಫೈಲಿನ ಹೆಸರು ಆರಿಸಿ ಚೇಂಜ್ ಸೋರ್ಸ್ ಒತ್ತಿ, ಈಗ ತೆರೆದಿರುವ ಹೊಸ ಫೈಲನ್ನೇ ತೋರಿಸಿ. ಫೈಲು ತನ್ನನ್ನೇ ಕೇಳಿಕೊಂಡಂತಾಗಿ ಆವರಣದ ಭಾಗ ಉದುರಿ =ದರ!$ಬಿ$2 ಉಳಿಯುತ್ತದೆ.

ಪಕ್ಕದಲ್ಲೇ ಬ್ರೇಕ್ ಲಿಂಕ್ ಎಂಬ ಗುಂಡಿ ಇದೆ. ಅದು ಫಾರ್ಮುಲಾಗಳನ್ನು ಬರೀ ಅಂಕಿಯಾಗಿ ಬದಲಿಸುತ್ತದೆ, ಹಿಂದಕ್ಕೆ ತರಲಾಗುವುದಿಲ್ಲ. ಲೆಕ್ಕ ತಪಾಸಣೆಗೆ ಕೊಡುವ ಕೊನೆಯ ಪ್ರತಿಗೆ ಸರಿ, ದಿನಾ ಬಳಸುವ ಫೈಲಿಗೆ ಬೇಡ.

ಹುಡುಕಿ ಬದಲಿಸುವುದರಿಂದಲೂ ಆಗುತ್ತದೆ. ಹಳೆಯ ಫೈಲನ್ನೂ ತೆರೆದಿಟ್ಟುಕೊಳ್ಳಿ, ಆಗ ಉದ್ದದ ದಾರಿ ಹೋಗಿ ಆವರಣದೊಳಗಿನ ಫೈಲು ಹೆಸರು ಮಾತ್ರ ಉಳಿಯುತ್ತದೆ. ಆವರಣ ಸಮೇತ ಅದನ್ನು ಫೈಂಡ್ ವಾಟ್‌ನಲ್ಲಿ ಕೊಟ್ಟು, ರಿಪ್ಲೇಸ್ ವಿತ್ ಖಾಲಿ ಬಿಟ್ಟು, ರಿಪ್ಲೇಸ್ ಆಲ್.

ಇಡೀ ಶೀಟು ಬೇಡ, ಕೆಲವು ಅಂಕಣದ ಫಾರ್ಮುಲಾಗಳು ಮಾತ್ರ ಇದ್ದಂತೆಯೇ ಬೇಕು ಎನ್ನುವವರಿಗೆ ಇನ್ನೊಂದು ಉಪಾಯ. ಹಳೆಯ ಫೈಲಿನಲ್ಲಿ ಆ ಭಾಗ ಆರಿಸಿ, ಕಂಟ್ರೋಲ್ ಎಚ್‌ನಿಂದ = ಅನ್ನು ಳಳ= ಎಂದು ಬದಲಿಸಿ. ಫಾರ್ಮುಲಾಗಳೆಲ್ಲ ಬರೀ ಬರಹವಾಗುತ್ತವೆ. ಕಾಪಿ ಮಾಡಿ ಹೊಸ ಫೈಲಿನ ಅದೇ ವಿಳಾಸದಲ್ಲಿ ಅಂಟಿಸಿ, ಅಲ್ಲಿ ಳಳ= ಅನ್ನು = ಎಂದು ಮರಳಿ ಬದಲಿಸಿ. ಹಳೆಯ ಫೈಲನ್ನು ಸೇವ್ ಮಾಡದೆ ಮುಚ್ಚಿ. ಯಾವ ಗುರುತಾದರೂ ನಡೆಯುತ್ತದೆ, ಆದರೆ 'ಳಳ' ಯಾವ ಫಾರ್ಮುಲಾದಲ್ಲೂ ಇರಲಾರದು ಎಂಬ ಭರವಸೆ ಕನ್ನಡ ಬಲ್ಲವರಿಗೆ ಇದ್ದೇ ಇದೆ. ಮರಳಿ ಬದಲಿಸಿದ ಮೇಲೂ ಫಾರ್ಮುಲಾ ಅಕ್ಷರವಾಗಿಯೇ ನಿಂತಿದ್ದರೆ ಆ ಸೆಲ್ಲಿನ ಫಾರ್ಮ್ಯಾಟ್ ಟೆಕ್ಸ್ಟ್ ಆಗಿದೆ. ಜನರಲ್‌ಗೆ ಬದಲಿಸಿ, ಎಫ್2 ಒತ್ತಿ ಎಂಟರ್ ಕೊಡಿ.

ಹಳೆಯ ಎಕ್ಸ್‌ಎಲ್‌ಎಸ್ ಫೈಲಿಗೆ ಹೊಸ ಮಾದರಿಯ ಶೀಟನ್ನು ಒಯ್ಯಲು ಹೋದರೆ ಎಕ್ಸೆಲ್ ನಿರಾಕರಿಸುತ್ತದೆ. ಹಳೆಯದರಲ್ಲಿ 65,536 ಸಾಲು, 256 ಅಂಕಣ. 2007ರಿಂದ ಬಂದ ಎಕ್ಸ್‌ಎಲ್‌ಎಸ್‌ಎಕ್ಸ್‌ನಲ್ಲಿ 10,48,576 ಸಾಲು, 16,384 ಅಂಕಣ. ಹಳೆಯ ಫೈಲನ್ನು ಮೊದಲು ಹೊಸ ಮಾದರಿಗೆ ಸೇವ್ ಆ್ಯಸ್ ಮಾಡಿ, ಮುಚ್ಚಿ ತೆರೆದು, ಆಮೇಲೆ ಕಾಪಿ ಮಾಡಿ.

ಎಲ್ಲ ತೆಗೆದರೂ ಎಚ್ಚರಿಕೆ ಬರುತ್ತಿದ್ದರೆ

ಸೆಲ್ಲುಗಳಲ್ಲಿ [ ಚಿಹ್ನೆಯನ್ನು ವರ್ಕ್‌ಬುಕ್ ಪೂರ್ತಿ ಹುಡುಕಿದರೂ ಏನೂ ಸಿಗದೆ, ತೆರೆದಾಗಲೆಲ್ಲ ಹೊರಗಿನ ಕೊಂಡಿಯ ಎಚ್ಚರಿಕೆ ಬರುತ್ತಿದ್ದರೆ ಅದು ಸೆಲ್ಲಿನ ಹೊರಗೆಲ್ಲೋ ಅಡಗಿದೆ. ಮೊದಲು ಕಂಟ್ರೋಲ್ ಎಫ್3 ಒತ್ತಿ ನೇಮ್ ಮ್ಯಾನೇಜರ್ ನೋಡಿ. ಹೆಸರಿಟ್ಟ ವ್ಯಾಪ್ತಿಗಳು ಶೀಟಿನ ಜೊತೆ ಹೇಳದೆ ಕೇಳದೆ ಬರುತ್ತವೆ. ಫಿಲ್ಟರ್‌ನಲ್ಲಿ ನೇಮ್ಸ್ ವಿತ್ ಎರರ್ಸ್ ಕೊಟ್ಟರೆ #ರೆಫ್! ಆದವು ಸಿಗುತ್ತವೆ, ಹಳೆಯ ಫೈಲಿನ ಹೆಸರಿರುವವನ್ನು ರೆಫರ್ಸ್ ಟು ಅಂಕಣದಲ್ಲಿ ಕಣ್ಣಿನಿಂದಲೇ ಹುಡುಕಬೇಕು. ಆಮೇಲೆ ಡೇಟಾ ವ್ಯಾಲಿಡೇಷನ್‌ನ ಪಟ್ಟಿಗಳು, ಕಂಡಿಷನಲ್ ಫಾರ್ಮ್ಯಾಟಿಂಗ್ ನಿಯಮಗಳು, ಚಾರ್ಟಿನ ಸೀರೀಸ್, ಮ್ಯಾಕ್ರೋ ಕಟ್ಟಿದ ಗುಂಡಿಗಳು.

ಒಂದೇ ಫೈಲಿನಲ್ಲಿ ಶೀಟು ಕಾಪಿ ಮಾಡಿದಾಗ ಆ ಶೀಟಿಗೆ ಸೇರಿದ ಹೆಸರಿನ ಇನ್ನೊಂದು ಪ್ರತಿ ಹೊಸ ಶೀಟಿಗೆ ಮಾತ್ರ ಸೀಮಿತವಾಗಿ ಹುಟ್ಟುತ್ತದೆ. ನೇಮ್ ಮ್ಯಾನೇಜರ್‌ನ ಸ್ಕೋಪ್ ಅಂಕಣದಲ್ಲಿ ಒಂದಕ್ಕೆ ವರ್ಕ್‌ಬುಕ್, ಇನ್ನೊಂದಕ್ಕೆ ಶೀಟಿನ ಹೆಸರು ಕಾಣುತ್ತದೆ. ಒಂದೇ ಹೆಸರು, ಎರಡು ಅರ್ಥ: ಯಾವ ಶೀಟಿನಲ್ಲಿ ನಿಂತು ಬರೆದಿರಿ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

ಗೂಗಲ್ ಶೀಟ್ಸ್ ಮತ್ತು ಲಿಬ್ರೆಆಫೀಸ್

ಗೂಗಲ್ ಶೀಟ್ಸ್‌ನಲ್ಲಿ ಕಾಪಿ ಟು ಮೂಲಕ ಬೇರೆ ಫೈಲಿಗೆ ಕಳಿಸಿದರೆ ಹಳೆಯ ಫೈಲಿನ ಬಾಲ ಅಂಟುವುದಿಲ್ಲ. ಬದಲಿಗೆ ಫಾರ್ಮುಲಾ =ದರ!$ಬಿ$2 ಎಂದೇ ಉಳಿದು, ಅಲ್ಲಿ ದರ ಎಂಬ ಶೀಟು ಇಲ್ಲದ್ದಕ್ಕೆ #ರೆಫ್! ಬರುತ್ತದೆ. ದರ ಶೀಟನ್ನೂ ಹಾಗೆಯೇ ಕಳಿಸಿ, ಅದರ ಹೆಸರಿನ ಮುಂದೆ ಸೇರಿಕೊಳ್ಳುವ 'ಕಾಪಿ ಆಫ್' ತೆಗೆದು ಬರೀ 'ದರ' ಎಂದು ಹೆಸರಿಡಿ. ಆದರೂ #ರೆಫ್! ಹೋಗದಿದ್ದರೆ ಹುಡುಕಿ ಬದಲಿಸುವ ಪೆಟ್ಟಿಗೆಯಲ್ಲಿ ಆಲ್ಸೋ ಸರ್ಚ್ ವಿತಿನ್ ಫಾರ್ಮುಲಾಸ್ ಟಿಕ್ ಮಾಡಿ = ಅನ್ನು = ಎಂದೇ ಬದಲಿಸಿ, ಫಾರ್ಮುಲಾಗಳು ಮತ್ತೆ ಓದಿಕೊಳ್ಳುತ್ತವೆ. ಇಂಪೋರ್ಟ್‌ರೇಂಜ್ (ಬೇರೆ ಫೈಲಿನಿಂದ ಅಂಕಿ ತರುವ ಫಂಕ್ಷನ್) ಇದ್ದರೆ ಸೆಲ್ಲಿನ ಮೇಲೆ ಮೌಸ್ ಇಟ್ಟು ಅಲೋ ಆ್ಯಕ್ಸೆಸ್ ಒತ್ತುವವರೆಗೆ #ರೆಫ್! ತಪ್ಪಿದ್ದಲ್ಲ. ಏಪ್ರಿಲ್:ಮಾರ್ಚ್ ಎಂದು ಶೀಟುಗಳನ್ನು ಸಾಲಾಗಿ ಕೂಡುವುದು ಇಲ್ಲಿ ನಡೆಯುವುದಿಲ್ಲ.

ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ಶೀಟಿನ ಹೆಸರಿಗೂ ಡಾಲರ್ ಬೀಗ ಇದೆ, ಆಶ್ಚರ್ಯಸೂಚಕದ ಬದಲು ಚುಕ್ಕಿ. =$ಏಪ್ರಿಲ್.ಎಫ್1 ಬೀಗ ಹಾಕಿದ್ದು. =ಏಪ್ರಿಲ್.ಎಫ್1 ಎಂದು ಡಾಲರ್ ತೆಗೆದರೆ ಅದು 'ಹಿಂದಿನ ಶೀಟು' ಎಂಬ ಅರ್ಥ ಪಡೆಯುತ್ತದೆ. ಮೇ ಶೀಟಿನ ಆ ಸೆಲ್ಲನ್ನು ಕಾಪಿ ಮಾಡಿ ಮುಂದಿನ ಜೂನ್ ಶೀಟಿನಲ್ಲಿ ಅಂಟಿಸಿದರೆ ತಾನಾಗಿ =ಮೇ.ಎಫ್1. ಎಕ್ಸೆಲ್‌ನಲ್ಲಿ ಇಷ್ಟು ಸುಲಭವಾಗಿ ಸಿಗದ ಸೌಕರ್ಯ ಇದು.

ಶೀಟಿನ ಹೆಸರು ಕನ್ನಡದಲ್ಲಿದ್ದರೆ

ಕಣ್ಣಿಗೆ ಒಂದೇ ಆದ ಎರಡು ಹೆಸರು ಕಂಪ್ಯೂಟರಿಗೆ ಬೇರೆಯಾಗಬಹುದು. 'ಏಪ್ರಿಲ್', 'ಎಪ್ರಿಲ್' ವ್ಯತ್ಯಾಸ ಕಾಣುತ್ತದೆ. ಆದರೆ ಕೆಲವು ಕೀಬೋರ್ಡುಗಳು ಅರ್ಧಾಕ್ಷರದ ನಂತರ ಕಾಣದ ಜೋಡಣೆ ಗುರುತೊಂದನ್ನು ಸೇರಿಸುತ್ತವೆ, 'ಮಾರ್ಚ್' ಒಂದು ಕಡೆ ಆ ಗುರುತಿನ ಸಮೇತ, ಇನ್ನೊಂದು ಕಡೆ ಇಲ್ಲದೆ. ಇನ್‌ಡೈರೆಕ್ಟ್ ಕೊಡುವ #ರೆಫ್!ಗೆ ಎಷ್ಟೋ ಸಲ ಇದೇ ಕಾರಣ. ಅದಕ್ಕೇ ಹೆಸರನ್ನು ಟೈಪ್ ಮಾಡದೆ, ಟ್ಯಾಬ್ ಮೇಲೆ ಎರಡು ಸಲ ಕ್ಲಿಕ್ ಮಾಡಿ ಅಲ್ಲಿಂದಲೇ ಕಾಪಿ ಮಾಡಿ. ಅನುಮಾನವಿದ್ದರೆ =ಲೆನ್(ಬಿ1) ಎಣಿಕೆ ಹೇಳುತ್ತದೆ, ಎರಡು 'ಮಾರ್ಚ್'ಗಳ ಎಣಿಕೆ ಬೇರೆ ಬಂದರೆ ಕಳ್ಳ ಸಿಕ್ಕಿದಂತೆ. ಯೂನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಫಾಂಟಿನ ಬರಹವನ್ನು ಟ್ಯಾಬಿಗೆ ಹಾಕಬೇಡಿ. ಟ್ಯಾಬಿನ ಫಾಂಟ್ ಬದಲಿಸಲು ಬರುವುದಿಲ್ಲ, ಅರ್ಥವಿಲ್ಲದ ಚಿಹ್ನೆಗಳೇ ಕಾಣುತ್ತವೆ. ಹೆಸರು 31 ಅಕ್ಷರ ಮೀರುವಂತಿಲ್ಲ, ಕಾಗುಣಿತದ ಚಿಹ್ನೆ, ಒತ್ತುಗಳೂ ಆ ಎಣಿಕೆಯಲ್ಲಿ ಸೇರುತ್ತವೆ.

ತಿದ್ದಿದ್ದು ಸರಿಯಾಯಿತೇ ಎಂದು ನೋಡುವುದು

ಕಂಟ್ರೋಲ್ ಜೊತೆ 1ರ ಎಡಗಡೆಯ ಕೀ ಒತ್ತಿದರೆ ಉತ್ತರಗಳ ಬದಲು ಫಾರ್ಮುಲಾಗಳೇ ಕಾಣುತ್ತವೆ. ಒಂದೇ ಅಂಕಣದಲ್ಲಿ ಬೇರೆ ಅಚ್ಚಿನದು ಯಾವುದಿದೆ ಎಂದು ಕಣ್ಣಾಡಿಸಿ. ಫಾರ್ಮುಲಾ ಇರಬೇಕಾದಲ್ಲಿ ಬರೀ ಅಂಕಿ ಕಂಡರೆ ಯಾರೋ ಮೇಲೆ ಟೈಪ್ ಮಾಡಿದ್ದಾರೆ. ಸೆಲ್ ಮೇಲೆ ನಿಂತು ಕಂಟ್ರೋಲ್ ಜೊತೆ [ ಒತ್ತಿದರೆ ಅದು ಎಲ್ಲಿಂದ ಅಂಕಿ ತರುತ್ತಿದೆಯೋ ಅಲ್ಲಿಗೇ ಹಾರುತ್ತದೆ. ಜೂನ್‌ನ ಎಫ್3ರಿಂದ ಹಾರಿ ಏಪ್ರಿಲ್‌ಗೆ ಬಂದು ಬಿದ್ದರೆ ಉತ್ತರ ಸಿಕ್ಕಿತು.

ಅಂಕಿ ಬದಲಿಸಿದರೂ ಒಟ್ಟು ಅಲುಗದಿದ್ದರೆ ಕೊಂಡಿ ಕಳಚಿದೆ ಎಂದು ತಕ್ಷಣ ತೀರ್ಮಾನಿಸಬೇಡಿ. ಫಾರ್ಮುಲಾಸ್ ಟ್ಯಾಬ್‌ನ ಕ್ಯಾಲ್ಕ್ಯುಲೇಷನ್ ಆಪ್ಷನ್ಸ್ ಮ್ಯಾನ್ಯುಯಲ್‌ನಲ್ಲಿರಬಹುದು. ಆ ದಿನ ಮೊದಲು ತೆರೆದ ಫೈಲಿನ ಸೆಟ್ಟಿಂಗ್ ಉಳಿದ ಫೈಲುಗಳಿಗೂ ಅಂಟುತ್ತದೆ. ಆಟೊಮ್ಯಾಟಿಕ್‌ಗೆ ತನ್ನಿ, ಅಥವಾ ಎಫ್9 ಒತ್ತಿ ನೋಡಿ.

ಕೊನೆಯ ಪರೀಕ್ಷೆಗೆ ಒಂದು ನಿಮಿಷ ಸಾಕು. ಮೇ ಶೀಟಿನ ಯಾವುದಾದರೂ ದಿನದ ಪಾವತಿಗೆ 1 ರೂಪಾಯಿ ಕೂಡಿಸಿ. ಮೇ ಅಂತಿಮ ಬಾಕಿ, ಜೂನ್ ಎಫ್3, ಜೂನ್ ಅಂತಿಮ ಬಾಕಿ ಮೂರೂ ಸರಿಯಾಗಿ 1 ರೂಪಾಯಿ ಇಳಿಯಬೇಕು. ಏಪ್ರಿಲ್ ಬಾಕಿ ಅಲುಗಬಾರದು. ಯಾವ ಶೀಟಿನಲ್ಲಿ ಆ ರೂಪಾಯಿ ನಿಂತುಬಿಟ್ಟಿತೋ ಅಲ್ಲಿ ಕೊಂಡಿ ಕಳಚಿದೆ. ನೋಡಿದ ಮೇಲೆ ಕಂಟ್ರೋಲ್ ಝೆಡ್ ಒತ್ತಿ ಆ ರೂಪಾಯಿಯನ್ನು ಹಿಂದಕ್ಕೆ ತೆಗೆಯಿರಿ.